ಕುರುಹು ಸುಳ್ಳಾದಾಗ



ಮಕ್ಕಳು ಮೊಮ್ಮಕ್ಕಳು ದೂರದೇಶಗಳಲ್ಲಿ ನೆಲೆಸಿರುವುದರಿಂದ ನಮ್ಮ ಎಷ್ಟೋ ಮನೆಗಳ ಹಿರಿಯರಿಗೂ ಇಂದು ವಿಮಾನಪ್ರಯಾಣ ಹೊಸತಲ್ಲ. ಆ ವಿಮಾನವನ್ನು ಹಾರಿಸುವಲ್ಲಿ ಮನುಷ್ಯನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ನಾವು ಯೋಚಿಸುವುದು ಕಡಿಮೆ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯದಲ್ಲಿ ನಡೆದ ದುರಂತವು ಈ ಪ್ರಶ್ನೆಯನ್ನು ಜಗತ್ತಿನ ಮುಂದಿರಿಸಿತು. ಜಕಾರ್ತದಿಂದ ಹೊರಟ ಲಯನ್ ಏರ್ ಸಂಸ್ಥೆಯ ಬೋಯಿಂಗ್ 737 ಮ್ಯಾಕ್ಸ್ ವಿಮಾನವು 13 ನಿಮಿಷಗಳೊಳಗೆ ಜಾವಾ ಸಮುದ್ರಕ್ಕೆ ಬಿದ್ದು 189 ಮಂದಿ ಮಡಿದರು. ಅದರ ಮುಖ್ಯ ಚಾಲಕನು ನಮ್ಮ ದೆಹಲಿಯ ತರುಣ.

ವಿಮಾನದ ಮೂತಿಯ ಇಕ್ಕೆಲಗಳಲ್ಲಿ ಗಾಳಿಗೆ ತಿರುಗುವ ಪುಟ್ಟ ಅಲಗಿನಂಥ ಒಂದೊಂದು ಸಂವೇದಕವಿರುತ್ತದೆ. ಎದುರಿನ ಗಾಳಿಗೆ ವಿಮಾನವು ಎಷ್ಟು ಓರೆಯಾಗಿದೆ ಎಂಬುದನ್ನು ಅದು ತಿಳಿಸುತ್ತದೆ. ಓರೆ ಮಿತಿಮೀರಿದರೆ ರೆಕ್ಕೆಗಳಿಗೆ ಗಾಳಿಯ ಆಸರೆ ತಪ್ಪುತ್ತದೆ. ಹಾಗಾಗದಂತೆ ಮೂತಿಯನ್ನು ತಾನಾಗಿಯೇ ಕೆಳಕ್ಕೆ ಬಾಗಿಸಲು ‘ಎಂ-ಕ್ಯಾಸ್’ ಎಂಬ ಸ್ವಯಂಚಾಲಿತ ವ್ಯವಸ್ಥೆಯನ್ನು ಅಳವಡಿಸಿದ್ದರು. ಸಂವೇದಕಗಳು ಎರಡಿದ್ದರೂ ಅದು ಒಂದರ ಮಾತನ್ನಷ್ಟೇ ನಂಬುತ್ತಿತ್ತು! ಚಾಲಕರ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ಅಂದು ಎಡಗಡೆಯ ಸಂವೇದಕವು ಸುಮಾರು 21 ಡಿಗ್ರಿಗಳಷ್ಟು ತಪ್ಪು ತೋರಿಸುತ್ತಿತ್ತು. ಸರಿಯಾಗಿ ಏರುತ್ತಿದ್ದ ವಿಮಾನದ ಮೂತಿಯನ್ನು ಯಂತ್ರವು ಕೆಳಕ್ಕೊತ್ತಿತು, ಚಾಲಕನು ಮೇಲೆತ್ತಿದನು, ಯಂತ್ರವು ಮತ್ತೆ ಒತ್ತಿತು. ಇಪ್ಪತ್ತಕ್ಕೂ ಹೆಚ್ಚು ಬಾರಿ ಹೀಗೆ ನಡೆಯಿತು.

ಶರಣರು ಕುರುಹಿಗೂ ಅರಿವಿಗೂ ಇರುವ ಅಂತರವನ್ನು ಆಳವಾಗಿ ವಿಚಾರಿಸಿದವರು. ಸಂವೇದಕವು ಕೊಡುವುದು ಕುರುಹನ್ನು ಮಾತ್ರ. ಅದು ನಿಜವೋ ಸುಳ್ಳೋ ಎಂದು ತೂಗಿನೋಡಬಲ್ಲ ಅರಿವು ಮನುಷ್ಯನದು. ಆದರೆ ತಾನು ಯಾವುದರೊಡನೆ ಸೆಣಸುತ್ತಿದ್ದೇನೆ ಎಂಬುದನ್ನೇ ಆ ಚಾಲಕನಿಗೆ ಯಾರೂ ಹೇಳಿರಲಿಲ್ಲ. ಹಾಗೆಂದು ಯಂತ್ರಗಳನ್ನೇ ಹಳಿಯುವುದು ನಮಗೆ ಸಮ್ಮತವಲ್ಲ. ವಿಮಾನಯಾನ ಇಂದು ಇಷ್ಟು ಸುರಕ್ಷಿತವಾಗಿರುವುದರಲ್ಲಿ ಸ್ವಯಂಚಾಲನೆಯ ಪಾಲು ದೊಡ್ಡದು.

ಐದು ತಿಂಗಳೊಳಗೆ, 2019ರ ಮಾರ್ಚ್ 10ರಂದು, ಇಥಿಯೋಪಿಯದಲ್ಲಿ ಇಂಥದೇ ವಿಮಾನ ಬಿದ್ದು 157 ಮಂದಿ ಸತ್ತರು. ಅಲ್ಲಿನ ಚಾಲಕರು ಮೂತಿ ಬಾಗಿಸುವ ವಿದ್ಯುತ್ತನ್ನು ಕಡಿದೂ ನೋಡಿದರು. ಆದರೆ ಅತಿವೇಗದಲ್ಲಿ ಕೈಚಕ್ರ ತಿರುಗಲೊಲ್ಲದಾಯಿತು. ಆ ಮೇಲಷ್ಟೇ ಈ ವಿಮಾನಗಳನ್ನು ಜಗತ್ತಿನಾದ್ಯಂತ ನೆಲಕ್ಕಿಳಿಸಲಾಯಿತು. ಈಗ ಆ ವ್ಯವಸ್ಥೆಯು ಎರಡೂ ಸಂವೇದಕಗಳನ್ನು ಹೋಲಿಸಿ ನೋಡುತ್ತದೆ, ಅವು ಒಂದಕ್ಕೊಂದು ಒಪ್ಪದಿದ್ದರೆ ಸುಮ್ಮನಿರುತ್ತದೆ. 2021ರ ಆಗಸ್ಟ್‌ನಲ್ಲಿ ಭಾರತವೂ ಅವುಗಳ ಹಾರಾಟಕ್ಕೆ ಮತ್ತೆ ಅನುಮತಿಯಿತ್ತಿತು.

ನಮ್ಮನ್ನು ಹೆಚ್ಚು ಕಾಡುವುದು ಮೊದಲ ದುರಂತದ ಹಿಂದಿನ ರಾತ್ರಿ. ದುರಸ್ತಿಯಾಗಿ ಬಂದಿದ್ದ ಆ ಸಂವೇದಕವನ್ನು ಬಾಲಿ ದ್ವೀಪದ ಡೆನ್ಪಸಾರ್‌ನಲ್ಲಿ ಜೋಡಿಸಿದ್ದರು. ಜೋಡಿಸಿದ ಮೇಲೆ ತಕ್ಕ ಪರೀಕ್ಷೆ ನಡೆದುದಕ್ಕೆ ತನಿಖೆಯಲ್ಲಿ ಪುರಾವೆ ದೊರೆಯಲಿಲ್ಲ. ಅಲ್ಲಿಂದ ಜಕಾರ್ತಕ್ಕೆ ಹಾರುವಾಗಲೂ ಮೂತಿ ಬಾಗಿತು. ಆ ಹಾರಾಟದ ಕರ್ತವ್ಯದಲ್ಲಿರದ ಮೂರನೆಯ ಚಾಲಕನೊಬ್ಬನೂ ಅಂದು ಚಾಲಕರ ಕೋಣೆಯಲ್ಲಿದ್ದನು. ಬಾಗಿಸುವ ಮೋಟಾರಿನ ಸ್ವಿಚ್ಚನ್ನು ಆರಿಸಿ ಅವರು ವಿಮಾನವನ್ನು ಕ್ಷೇಮವಾಗಿ ಇಳಿಸಿದರು. ಆದರೆ ದಾಖಲೆ ಪುಸ್ತಕದಲ್ಲಿ ವೇಗ, ಎತ್ತರಗಳ ಮಾಪಕಗಳು ತಾಳೆಯಾಗುತ್ತಿಲ್ಲ ಎಂಬಂಥ ಮಾತುಗಳನ್ನು ಬರೆದರೇ ಹೊರತು ಸ್ವಿಚ್ಚನ್ನು ಆರಿಸಿದ ಸಂಗತಿಯನ್ನು ಬರೆಯಲಿಲ್ಲ. ಆ ಒಂದು ಸಾಲು ಬರೆಯುವುದೂ ಕಾಯಕವೇ ಅಲ್ಲವೆ? ಓದಿದ ತಂತ್ರಜ್ಞರು ಗಾಳಿಕೊಳವೆಯನ್ನು ಸ್ವಚ್ಛಗೊಳಿಸಿ, ವಿದ್ಯುತ್ ಜೋಡಣೆಯೊಂದನ್ನು ಒರೆಸಿ, ಬೆಳಗಿನ ಹಾರಾಟಕ್ಕೆ ವಿಮಾನವನ್ನು ಬಿಟ್ಟುಕೊಟ್ಟರು.