ಬಟ್ಟೆ ಒಣಗಲು ಬಯಲು ಬೇಡವೆ?

ಮಗ್ಗದಿಂದಿಳಿದೊಡನೆ ಬಟ್ಟೆಯ ಕೆಲಸ ಮುಗಿಯಿತೆಂದು ಕೊಳ್ಳುವವರು ಭಾವಿಸುವುದುಂಟು. ನೇಯುವವರ ಅನುಭವವು ಬೇರೆ. ತೊಳೆದು ಬಣ್ಣವಿಟ್ಟ ಅರಿವೆಯು ಕುಗ್ಗುತ್ತದೆ, ಅಂಚು ಸೊಟ್ಟಗಾಗುತ್ತದೆ. ಅದನ್ನು ಹದವರಿತು ಎಳೆದು ಬಿಗಿದು ಒಣಗಿಸಿದಲ್ಲದೆ ಪನ್ನವು ಸಮನಾಗದು.

ಪೂರ್ವದಲ್ಲಿ ಇಂಗ್ಲೆಂಡಿನವರು ಇದಕ್ಕಾಗಿಯೇ ಬಯಲಿನಲ್ಲಿ ಮರದ ಉದ್ದನೆಯ ಚೌಕಟ್ಟುಗಳನ್ನು ನೆಟ್ಟು, ಅವುಗಳ ಕೊಕ್ಕೆಮೊಳೆಗಳಿಗೆ ಉಣ್ಣೆಯ ಬಟ್ಟೆಯನ್ನು ಸಿಕ್ಕಿಸುತ್ತಿದ್ದರು. ಅದಕ್ಕೆ 'ಟೆಂಟರ್' ಎಂದು ಹೆಸರು. ಮೊಳ ಹೆಚ್ಚಿಸುವ ಆಸೆಯಿಂದ ಅತಿಯಾಗಿ ಎಳೆಯುವ ವಂಚನೆಯೂ ಬೆಳೆದು, ಉತ್ತರ ಸೀಮೆಯ ಬಟ್ಟೆಗಳ ವಿಷಯದಲ್ಲಿ ಅದನ್ನು ತಡೆಯಲು 1597-98ರಲ್ಲಿ ಅಲ್ಲಿನ ಪಾರ್ಲಿಮೆಂಟು ಶಾಸನವನ್ನೇ ಮಾಡಬೇಕಾಯಿತು. ಇಂದು ಗಿರಣಿಗಳಲ್ಲಿ 'ಸ್ಟೆಂಟರ್' ಯಂತ್ರವು ಬಿಸಿಗಾಳಿಯಿಂದ ಆ ಕೆಲಸವನ್ನು ಮಾಡುತ್ತದೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ 'ಟೆಂಟರ್ ಗ್ರೌಂಡ್' ಎಂಬ ಬೀದಿಯ ಹೆಸರು ಮಾತ್ರ ಉಳಿದಿದೆ.

ನಮ್ಮಲ್ಲಿಯೂ ನೇಕಾರರು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಚಾಚಿ, ಗಂಜಿ ಸವರಿ, ಕುಂಚದಿಂದ ತೀಡಿ ಒಣಗಿಸುವ ಪದ್ಧತಿಯುಂಟು. ಕಂಬಳಿಗೆ ಕುರುಬರು ಹುಣಸೆಬೀಜದ ಸರಿ ಬಳಿದು ಬಿಸಿಲಿಗೆ ಹರಡುತ್ತಾರೆ. ಇವೆಲ್ಲಕ್ಕೂ ಬೇಕಾದುದು ಬಯಲು. ಬೀದಿಯನ್ನಾದರೋ ಈಗ ವಾಹನಗಳು ಆಕ್ರಮಿಸಿವೆ.

ಮಲೆನಾಡಿನ ಕಷ್ಟವು ಇನ್ನೂ ದೊಡ್ಡದು. ಸೊರಬದ ನೆರೆಯ ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನನವರು ಕಟ್ಟಿ ಬೆಳೆಸಿದ 'ಚರಕ' ಮಹಿಳಾ ಸಹಕಾರ ಸಂಘವು ಅಡಿಕೆಯ ಚೊಗರಿನಿಂದಲೇ ಬಟ್ಟೆಗೆ ಬಣ್ಣ ಕಟ್ಟಿ ತೋರಿಸಿತು. ಅಡಿಕೆಯ ಸೀಮೆಯಾದ ಸೊರಬಕ್ಕೂ ಇದು ಅಸಾಧ್ಯವಲ್ಲ. ಆದರೆ ವಾರಗಟ್ಟಲೆ ಮಳೆ ಹಿಡಿದಾಗ ಒದ್ದೆ ಬಟ್ಟೆಯ ಗತಿಯೇನು? ಬಟ್ಟೆ ಒಣಗದಿದ್ದರೆ ಮಾರಾಟವಿಲ್ಲ. ಮಾರಾಟವಿಲ್ಲದಿದ್ದರೆ ನೇಯ್ದವಳಿಗೆ ಕೂಲಿಯಿಲ್ಲ.

ಅಡಿಕೆ ಒಣಗಿಸಲು ಅಟ್ಟ ಕಟ್ಟುವ ಬುದ್ಧಿಯುಳ್ಳ ನಾಡಿಗೆ ಬಟ್ಟೆಗೊಂದು ಚಪ್ಪರ ಭಾರವೆ? ಮಗ್ಗ ಕೊಟ್ಟೆವು, ಸಾಲ ಕೊಟ್ಟೆವು ಎಂದು ಅಧಿಕಾರಿಗಳು ಲೆಕ್ಕ ತೋರಿಸಬಹುದು. ಒಣಗಿಸುವ ಸ್ಥಳವಿಲ್ಲದೆ ಕೊಟ್ಟ ಮಗ್ಗವು ಕಣವಿಲ್ಲದ ಬೆಳೆಯಂತೆ. ಸೊರಬ, ಶಿಕಾರಿಪುರಗಳಲ್ಲಿ ಕೈಮಗ್ಗಕ್ಕೆ ಪ್ರೋತ್ಸಾಹ ಕೊಡಲೆಳಸುವವರು ಮೊದಲು ಗಾಳಿಯಾಡುವ, ಮಾಡುಳ್ಳ ಸಾರ್ವಜನಿಕ ಒಣಕಟ್ಟೆಯೊಂದನ್ನು ಕಟ್ಟಿಸತಕ್ಕದ್ದು.

ನೇಕಾರರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಎಳೆದು ಹೆಚ್ಚಿಸಿದ ಗೇಣು ಮೊದಲ ಒಗೆತದಲ್ಲೇ ಹಿಂದಿರುಗುತ್ತದೆ. ಹೋದ ನಂಬಿಕೆ ಹಿಂದಿರುಗುವುದಿಲ್ಲ. ಸರ್ಕಾರದವರು ಸ್ಥಳ ಕೊಡಲಿ, ನೇಕಾರರು ನೆಟ್ಟನೆಯ ಅಳತೆ ಕೊಡಲಿ. ಗಿರಣಿಯ ಬಟ್ಟೆಗಿಂತ ನಾಲ್ಕು ಕಾಸು ಹೆಚ್ಚು ತೆರಲು ಗ್ರಾಹಕರೂ ಆಗ ಹಿಂದೆಗೆಯಲಾರರು.