ಶಾಸಕರ ಸಂಖ್ಯೆ, ಶಾಲೆಯ ಪಾಲು

ಆಯವ್ಯಯ ಪತ್ರ ಮಂಡನೆಯಾದಾಗಲೆಲ್ಲ ಶಿಕ್ಷಣಕ್ಕೆ ದೊರೆತ ಹಣ ಸಾಲದೆಂದು ನಾವು ಕೊರಗುತ್ತೇವೆ. ಆ ಹಣವನ್ನು ಹಂಚುವ ಸದನದಲ್ಲಿ ಒಬ್ಬೊಬ್ಬ ಪ್ರತಿನಿಧಿ ಎಷ್ಟು ಜನರಿಗೆ ಉತ್ತರ ಹೇಳಬೇಕಾಗಿದೆ ಎಂಬುದನ್ನು ಮಾತ್ರ ಕೇಳುವುದಿಲ್ಲ.

ಕರ್ನಾಟಕ ವಿಧಾನಸಭೆಯ ಚುನಾಯಿತ ಸ್ಥಾನಗಳು 1978ರ ಚುನಾವಣೆಯಿಂದ 224. 1971ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 2.93 ಕೋಟಿ, ಅಂದರೆ ಸ್ಥಾನವೊಂದಕ್ಕೆ ಸರಾಸರಿ 1.31 ಲಕ್ಷ ಜನ. 2011ರಲ್ಲಿ ಜನಸಂಖ್ಯೆ 6.11 ಕೋಟಿ, ಸರಾಸರಿ 2.73 ಲಕ್ಷ. ಒಂದು ಕುಟುಂಬದ ದನಿಗಿದ್ದ ತೂಕ ಅರ್ಧಕ್ಕಿಂತಲೂ ಕಡಿಮೆಯಾಗಿದೆ.

ಹಾಗೆಂದು ಸ್ಥಾನಗಳು ಹೆಚ್ಚಿದೊಡನೆ ಶಾಲೆಗಳು ಉದ್ಧಾರವಾಗುತ್ತವೆ ಎನ್ನಲಾಗದು. ಕ್ಷೇತ್ರದ ಕಾಮಗಾರಿಯ ಲಾಭ ಆ ಕ್ಷೇತ್ರಕ್ಕೆ, ವೆಚ್ಚ ಇಡೀ ರಾಜ್ಯಕ್ಕೆ. ಆದುದರಿಂದ ಸದಸ್ಯರು ಹೆಚ್ಚಿದಷ್ಟೂ ಇಂಥ ಬೇಡಿಕೆಗಳು ಹೆಚ್ಚುತ್ತವೆಂದು ಅರ್ಥಶಾಸ್ತ್ರಜ್ಞರು 1981ರಲ್ಲಿಯೇ ವಾದಿಸಿದ್ದರು. ಕಟ್ಟಡಕ್ಕೆ ಅಡಿಗಲ್ಲಿಟ್ಟು ಫಲಕದಲ್ಲಿ ಹೆಸರು ಕೆತ್ತಿಸಬಹುದು. ಗಣಿತದ ಶಿಕ್ಷಕರ ನೇಮಕಕ್ಕೆ ಫಲಕವಿಲ್ಲ.

ಸಂಖ್ಯೆಗಿಂತ ಸಮಾನತೆ ಮುಖ್ಯ. ಅಮೆರಿಕದ ಸುಪ್ರೀಂ ಕೋರ್ಟು 1964ರಲ್ಲಿ, ರಾಜ್ಯ ಶಾಸನಸಭೆಗಳ ಕ್ಷೇತ್ರಗಳು ಜನಸಂಖ್ಯೆಯಲ್ಲಿ ಸಮನಾಗಿರಬೇಕೆಂದು ತೀರ್ಪಿತ್ತಿತು. ಅದುವರೆಗೆ ಕಡಿಮೆ ಪ್ರಾತಿನಿಧ್ಯವಿದ್ದ ಪ್ರದೇಶಗಳಿಗೆ ಆ ಬಳಿಕ ರಾಜ್ಯಗಳ ಹಣದಲ್ಲಿ ಹೆಚ್ಚಿನ ಪಾಲು ದೊರೆಯಿತು.

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳವು. ಆದರೆ ಅಲ್ಲಿ ಮತದ ಹಕ್ಕು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಹಂತದ ಶಿಕ್ಷಕರಿಗೆ ಮಾತ್ರ. ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಆ ಮತವಿಲ್ಲ; ಮಗುವಿಗಂತೂ ಎಲ್ಲಿಯೂ ಮತವಿಲ್ಲ. ರಾಷ್ಟ್ರೀಯ ಆದಾಯದ ಶೇ. 6 ಭಾಗ ಶಿಕ್ಷಣಕ್ಕೆ ಮೀಸಲಾಗಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ. 6ರ ಗುರಿಯನ್ನು ಪುನರುಚ್ಚರಿಸಬೇಕಾಯಿತು. ಮತವಿಲ್ಲದವರ ಬೇಡಿಕೆ ಕಾಯುತ್ತಲೇ ಇರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆ ಮಗುವಿನ ಪರವಾಗಿ ಮಾತನಾಡಬೇಕಾದವರು ತಂದೆತಾಯಂದಿರು. 2001ರಿಂದ ಸರ್ಕಾರಿ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಅದಕ್ಕೆ ಅವಕಾಶವಿತ್ತಿವೆ. ನಮ್ಮ ಮಕ್ಕಳು ಬೇರೆ ಶಾಲೆಗೆ ಹೋಗುತ್ತಿರಬಹುದು. ನೆರೆಮನೆಯ ಮಗು ಅಲ್ಲಿಗೇ ಹೋಗುತ್ತದೆ. ಮತ ಕೇಳಲು ಬರುವವರನ್ನು ರಸ್ತೆ, ಚರಂಡಿಗಳ ಬಗ್ಗೆ ಕೇಳುವ ನಾವು, ಊರಿನ ಶಾಲೆಯಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆಗಳೆಷ್ಟು ಎಂದೂ ಕೇಳೋಣ. ಉತ್ತರ ಹೇಳಬೇಕಾದೀತೆಂಬ ಅರಿವು ಪ್ರತಿನಿಧಿಗೆ ಇದ್ದರೆ ಮಾತ್ರ ಸದನದಲ್ಲಿ ಶಾಲೆಯ ಮಾತು ಕೇಳಿಸೀತು.