ಹಳೆಯ ಕಾರು ಮತ್ತು ನಮ್ಮ ಹೊಸ ಮರ್ಯಾದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಐದರಲ್ಲಿ ಯಾವ ಊರಿನ ಮದುವೆಗಾದರೂ ಹೋಗಿ. ಹಳೆಯ ಕಾರಿನಿಂದ ಇಳಿದವರಿಗೆ ಊಟಕ್ಕಿಂತ ಮೊದಲೇ ಒಂದು ಪ್ರಶ್ನೆ ಬಡಿಸಲಾಗುತ್ತದೆ: "ಇನ್ನೂ ಇದನ್ನ ಇಟ್ಕಂಡೀರೇನ್ರೀ?" ಕೇಳುವವರು ನಗುತ್ತಲೇ ಕೇಳುತ್ತಾರೆ. ಕೇಳಿಸಿಕೊಂಡವರು ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಾರೆ. ಆ ಕಾರು ಇಪ್ಪತ್ತು ವರ್ಷದ ಹಿಂದಿನ ಫೋರ್ಡ್ ಐಕಾನೋ ಶೆವ್ರೊಲೆ ಆಪ್ಟ್ರಾವೋ ಆಗಿದ್ದರೆ ಎರಡನೆಯ ಪ್ರಶ್ನೆಯೂ ಸಿದ್ಧ: "ಕಂಪನೀನೇ ಓಡಿ ಹೋತು, ನೀವ್ಯಾಕ ಹಿಡ್ಕಂಡು ಕುಂತೀರಿ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕಾರಿನ ಮಾಲೀಕರಲ್ಲ, ಕೇಳುವವರೇ ಎಂಬುದು ನಮ್ಮ ವಾದ.

ಓಡಿ ಹೋದವರು ಯಾರು? ಫೋರ್ಡ್ ಮತ್ತು ಜನರಲ್ ಮೋಟಾರ್ಸ್ 1920ರ ದಶಕದಲ್ಲೇ ಭಾರತಕ್ಕೆ ಬಂದು ಕಾರು ಜೋಡಿಸುತ್ತಿದ್ದವು. 1950ರ ದಶಕದಲ್ಲಿ ಗಂಟುಮೂಟೆ ಕಟ್ಟಿದವು. ಉದಾರೀಕರಣದ ಬಾಗಿಲು ತೆರೆದಾಗ, 1990ರ ದಶಕದಲ್ಲಿ, ಮತ್ತೆ ಬಂದವು. ಐಕಾನ್ 1999ರಲ್ಲಿ ಬಂತು, ಆಪ್ಟ್ರಾ 2003ರಲ್ಲಿ. ಆಪ್ಟ್ರಾದ ಮೂಲ ಕೊರಿಯಾದ ದೇವೂ ಆದರೂ ಮುಖದ ಮೇಲಿದ್ದ ಗುರುತು ಅಮೆರಿಕದ್ದು. 2017ರ ಕೊನೆಗೆ ಜನರಲ್ ಮೋಟಾರ್ಸ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಕೂಡ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಲಾಭ ಬತ್ತಿದಾಗ ಹೊರಟವರು ಜಾಣರು, ಕೊಂಡದ್ದನ್ನು ಜತನ ಮಾಡಿಕೊಂಡವರು ಪೆದ್ದರು! ಇದು ಯಾವ ನ್ಯಾಯ?

ಹರಪನಹಳ್ಳಿಯ ಹಳೆಯ ಕಾರುಗಳ ನಂಬರು ನೋಡಿ, ದಾವಣಗೆರೆಯ ಕೆಎ 17 ಕಾಣಸಿಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಆ ತಾಲ್ಲೂಕು ಆಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಸರಕಾರ ಜಿಲ್ಲೆ ಬದಲಿಸಿದ ವೇಗದಲ್ಲಿ ಜನ ಕಾರು ಬದಲಿಸಬೇಕೇ? ಜಿಲ್ಲೆ ಯಾವುದಾದರೇನು, ದೊಡ್ಡ ಕಾಯಿಲೆ ಬಂದರೆ ಈ ಸೀಮೆಯವರು ಇಂದಿಗೂ ದಾವಣಗೆರೆಗೋ ಬಳ್ಳಾರಿಗೋ ಹುಬ್ಬಳ್ಳಿಗೋ ಓಡಬೇಕು. ನಡುರಾತ್ರಿ ಓಣಿಯ ಗರ್ಭಿಣಿಯನ್ನು ಹಿಂದಿನ ಅಗಲ ಸೀಟಿನಲ್ಲಿ ಒರಗಿಸಿ, ತಗ್ಗು ದಿನ್ನೆ ತಪ್ಪಿಸುತ್ತಾ ಸಾಗುವಾಗ ಆ ಮೆತ್ತನೆಯ ಸವಾರಿಯ ಬೆಲೆ ತಿಳಿಯುತ್ತದೆ. ಆ ರಾತ್ರಿ ಯಾರೂ ಮಾಡೆಲ್ ಕೇಳುವುದಿಲ್ಲ.

ಇನ್ನು ಸರಕಾರದ ಮಾತು. 2021ರ ಗುಜರಿ ನೀತಿಯ ಪ್ರಕಾರ ಖಾಸಗಿ ಕಾರಿನ ಹಣೆಬರಹ ನಿರ್ಧರಿಸಬೇಕಾದದ್ದು ಅದರ ಸ್ಥಿತಿಯ ಪರೀಕ್ಷೆ. ಆದರೆ ಶುಲ್ಕ ನೋಡುವುದು ವಯಸ್ಸನ್ನು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಎಂದು ನಿಗದಿಯಾಯಿತು. ಚೆನ್ನಾಗಿರುವ ಮುದುಕನಿಗೂ ದಂಡ, ಕೆಟ್ಟು ಕೂತ ಮುದುಕನಿಗೂ ಅದೇ ದಂಡ!

ಹಳೆಯ ಕಾರು ಹೊಗೆ ಹೆಚ್ಚು ಉಗುಳುತ್ತದೆ ಎನ್ನುತ್ತಾರೆ. ಅದು ನಿಜ. ಅದರಲ್ಲಿ ಇಂದಿನ ಸುರಕ್ಷೆಯ ಸಾಧನಗಳೂ ಇಲ್ಲ, ಅದೂ ನಿಜ. ಆದುದರಿಂದ ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಅನುತ್ತೀರ್ಣವಾದದ್ದು ರಸ್ತೆಗಿಳಿಯದಿರಲಿ. ನಾವು ಕೆಟ್ಟ ಗಾಡಿಯ ವಕೀಲರಲ್ಲ. ಆದರೆ ಹೊಸ ಕಾರು ಆಕಾಶದಿಂದ ಉದುರುತ್ತದೆಯೇ? ಒಂದು ಟನ್ ಉಕ್ಕಿಗೆ ಒಂದೂವರೆ ಟನ್ನಿಗೂ ಹೆಚ್ಚು ಅದಿರು ಬೇಕು. ಅದಿರು ಅಗೆದರೆ ಬೆಟ್ಟ ಏನಾಗುತ್ತದೆಂದು ಸಂಡೂರನ್ನು ನೆರೆಯಲ್ಲಿಟ್ಟುಕೊಂಡ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವವರೆಗೆ ಕೆಂಧೂಳು ನುಂಗಿದವರು ನಾವು. ಅಪರೂಪಕ್ಕೆ ಹೊರಬೀಳುವ ಗಾಡಿಯನ್ನು ಗುಜರಿಗೆ ಹಾಕಿ ಹೊಸದು ಕೊಳ್ಳುವುದನ್ನು ಪರಿಸರ ಪ್ರೇಮವೆಂದು ಕರೆಯುವ ಮೊದಲು ಆ ಬೆಟ್ಟಗಳ ಕಡೆ ಒಮ್ಮೆ ನೋಡಬೇಕು.

ಈ ಕಾರುಗಳನ್ನು ಉಳಿಸಿದವರು ಯಾರು? ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನ ಮಿಸ್ತ್ರಿ, ವೆಲ್ಡಿಂಗಿನವ, ಟಿಂಕರ್, ಪೇಂಟರ್. ಇವರಲ್ಲಿ ಬಹಳಷ್ಟು ಮಂದಿ ನಮ್ಮ ಸಮುದಾಯದವರು. "ಪಂಕ್ಚರ್ ಹಾಕುವವರು" ಎಂದು ಹೀಯಾಳಿಸುವುದು ಇಂದು ರಾಜಕೀಯದ ಭಾಷೆಯೇ ಆಗಿಬಿಟ್ಟಿದೆ. ಕೆಟ್ಟದ್ದನ್ನು ಸರಿಪಡಿಸುವವನು ಕೀಳು, ಸರಿಯಾದದ್ದನ್ನು ಎಸೆಯುವವನು ಮೇಲು ಎಂಬ ಸಮಾಜಕ್ಕೆ ಏನೆನ್ನೋಣ? ಅಮೆರಿಕದ ದಿಗ್ಬಂಧನಕ್ಕೆ ಸಿಕ್ಕ ಕ್ಯೂಬಾದಲ್ಲಿ 1950ರ ದಶಕದ ಅಮೆರಿಕನ್ ಕಾರುಗಳು ಇಂದಿಗೂ ಟ್ಯಾಕ್ಸಿಗಳಾಗಿ ಓಡುತ್ತಿವೆ. ಅದನ್ನು ನೋಡಲು ಜಗತ್ತು ಹಣ ಕೊಟ್ಟು ಹೋಗುತ್ತದೆ. ಅದೇ ಕೈಚಳಕ ಕೂಡ್ಲಿಗಿಯಲ್ಲಿದ್ದರೆ ನಗೆಪಾಟಲು!

ಕೊನೆಯದಾಗಿ ನಮ್ಮದೇ ಮನೆಯ ಮಾತು. ಬಡ್ಡಿ ಹರಾಮ್ ಎಂಬ ಖುತುಬಾ ಶುಕ್ರವಾರ ಕೇಳಿ, ಸೋಮವಾರ ಹೊಸ ಕಾರಿನ ಬಡ್ಡಿ ಸಾಲಕ್ಕೆ ಸಹಿ ಹಾಕುವವರು ನಮ್ಮಲ್ಲಿಲ್ಲವೇ? ಮಾವನ ಮನೆಯಿಂದ ಕಾರು ಪಡೆದು ಅದಕ್ಕೆ "ಉಡುಗೊರೆ" ಎಂದು ಹೆಸರಿಡುವ ವರಮಹಾಶಯರಿಲ್ಲವೇ? ಹರಿಯುವ ನದಿಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು, ಓಡುವ ಕಾರನ್ನು ಜನರ ಬಾಯಿಗೆ ಹೆದರಿ ಬಿಸಾಡುವುದು ಇಸ್ರಾಫ್ ಅಲ್ಲದೆ ಮತ್ತೇನು? ಅಲ್ಲಾಹನು ಕೊಟ್ಟದ್ದು ಅಮಾನತ್ತು. ಅದನ್ನು ಜೋಪಾನ ಮಾಡುವುದು ಜಿಪುಣತನವಲ್ಲ.

ಸರಕಾರ ವಯಸ್ಸಿಗೆ ದಂಡ ಹಾಕುವುದನ್ನು ಬಿಟ್ಟು ಸ್ಥಿತಿಯನ್ನು ಪರೀಕ್ಷಿಸಲಿ. ನಾವೋ, ಮುಂದಿನ ಮದುವೆಯಲ್ಲಿ ಹಳೆಯ ಕಾರಿನಿಂದ ಇಳಿದವರಿಗೆ ಮೊದಲು ಸಲಾಂ ಹೇಳೋಣ. ಪ್ರಶ್ನೆಯೇ ಬೇಕೆಂದಿದ್ದರೆ, ಸಾಲವಿಲ್ಲದೆ ನೆಮ್ಮದಿಯಾಗಿ ನಿದ್ದೆ ಮಾಡುವುದು ಹೇಗೆಂದು ಕೇಳಿ ಕಲಿಯೋಣ.